ದುಡಿಮೆ ಒಂದು, ಕೂಲಿ ಎರಡು

ಶ್ರಮಪಟ್ಟವನಿಗೆ ಶ್ರಮದಷ್ಟೇ ಫಲವುಂಟೆಂದು ನಮ್ಮ ಶಾಲೆಗಳಲ್ಲಿ ಬೋಧಿಸುತ್ತ ಬಂದಿದ್ದೇವೆ. ಈ ಬೋಧನೆಯು ದಿಟವೇ ಎಂಬುದನ್ನು ವಾಚಕರು ಒಮ್ಮೆ ಪರೀಕ್ಷಿಸಲಿ.

ಚಾಮರಾಜನಗರದ ಬಳಿಯ ಬದನಗುಪ್ಪೆಯಲ್ಲಿಯೂ ನೆರೆಯ ಕೆಲ್ಲಂಬಳ್ಳಿಯಲ್ಲಿಯೂ ಸರಕಾರವು ರೈತರ ಹೊಲಗಳನ್ನು ಸ್ವಾಧೀನಪಡಿಸಿಕೊಂಡು ಕೈಗಾರಿಕಾ ಪ್ರದೇಶವನ್ನು ನಿರ್ಮಿಸಿರುವುದಷ್ಟೆ. ಹೊಲವು ಹೋದದ್ದು ಶಾಶ್ವತವಾಗಿ. ಅದರ ಒಡೆಯನ ಮಗನಿಗೆ ದೊರೆಯುವ ಕೆಲಸವು ಮಾತ್ರ ಗುತ್ತಿಗೆದಾರನ ಮರ್ಜಿ ಇರುವ ತನಕವೆಂದಾದರೆ ಇದೆಂತಹ ನ್ಯಾಯ?

ಗುತ್ತಿಗೆಯ ಪದ್ಧತಿಯಲ್ಲಿ ಒಂದೇ ಯಂತ್ರದ ಮುಂದೆ ನಿಂತ ಇಬ್ಬರಿಗೆ ಎರಡು ಬಗೆಯ ಸಂಬಳ. ಬೆವರನ್ನು ಅಳೆಯುವವರಿಲ್ಲ, ಹೆಸರು ಯಾವ ಪಟ್ಟಿಯಲ್ಲಿದೆಯೆಂದು ನೋಡುವವರೇ ಎಲ್ಲರೂ. ಹೆಚ್ಚು ದುಡಿದರೆ ಮೇಲೇರಬಹುದೆಂದು ಉಪದೇಶಿಸುವ ಪಂಡಿತರನ್ನು ಕೇಳುತ್ತೇವೆ: ಗುತ್ತಿಗೆ ಮುಗಿದೊಡನೆ ಹತ್ತು ವರ್ಷದ ಸೇವೆಯೂ ಸೊನ್ನೆಯಾಗುವಲ್ಲಿ ಏಣಿಯೆಲ್ಲಿದೆ?

1950ರಲ್ಲಿ ಜಾರಿಗೆ ಬಂದ ಸಂವಿಧಾನದ 39ನೆಯ ವಿಧಿಯು ಸ್ತ್ರೀಪುರುಷರಿಗೆ ಸಮಾನ ಕೆಲಸಕ್ಕೆ ಸಮಾನ ವೇತನವನ್ನೂ, 43ನೆಯ ವಿಧಿಯು ಬದುಕಿಗೆ ಸಾಲುವ ಕೂಲಿಯನ್ನೂ ರಾಜ್ಯದ ಗುರಿಯೆಂದು ಸಾರಿವೆ. 2016ರಲ್ಲಿ ಪಂಜಾಬಿನ ತಾತ್ಕಾಲಿಕ ಸರಕಾರಿ ನೌಕರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಖಾಯಂ ನೌಕರರ ಕೆಲಸವನ್ನೇ ಮಾಡುವವರಿಗೆ ಆ ವೇತನಶ್ರೇಣಿಯ ಕನಿಷ್ಠ ಮೊತ್ತವಾದರೂ ಸಲ್ಲತಕ್ಕದ್ದೆಂದು ತೀರ್ಪಿತ್ತಿತು. ಸರಕಾರಿ ಕಚೇರಿಗೆ ಒಪ್ಪಿದ ಧರ್ಮವು ಕಾರ್ಖಾನೆಯ ಬಾಗಿಲಲ್ಲಿ ಏಕೆ ನಿಲ್ಲಬೇಕು?

ಕೂಲಿ ಹೆಚ್ಚಿದರೆ ಬಂಡವಾಳವು ಗಡಿ ದಾಟಿ ತಮಿಳುನಾಡಿಗೆ ಓಡೀತೆಂದು ಕೆಲವರು ಹೆದರಿಸುವರು. ನೆಲವನ್ನೂ ನೀರನ್ನೂ ರಸ್ತೆಯನ್ನೂ ನಾಡಿನಿಂದ ಪಡೆದವರು ನಾಡಿನ ಮಕ್ಕಳ ಋಣವನ್ನು ತೀರಿಸಲೇಬೇಕು. ನೆಲವಿತ್ತ ಮನೆಗೆ ಖಾಯಂ ಕೆಲಸ, ಸಮಾನ ದುಡಿಮೆಗೆ ಸಮಾನ ಕೂಲಿ, ಇವೆರಡನ್ನೂ ಕರಾರಿನಲ್ಲಿ ಬರೆಯಿಸದೆ ಸರಕಾರವು ಇನ್ನೊಂದು ಎಕರೆಯನ್ನೂ ಕೊಡಕೂಡದು. ಅಲ್ಲಿಯವರೆಗೆ ಶ್ರಮದ ಪಾಠವನ್ನು ಮಕ್ಕಳಿಗೆ ಯಾವ ಮುಖದಿಂದ ಹೇಳೋಣ?