ಕೈಕಟ್ಟಿ ನಿಂತರೆ ಮಾತು ಬರುವುದೇ?

ಮನುಷ್ಯನು ಬಾಯಿಯಿಂದ ಮಾತ್ರ ಮಾತಾಡುವುದಿಲ್ಲ. ದಾರಿ ಕೇಳಿದವನಿಗೆ ಅರ್ಧ ದಾರಿಯನ್ನು ನಮ್ಮ ಕೈಯೇ ಹೇಳಿಬಿಡುತ್ತದೆ. ದೂರವಾಣಿಯಲ್ಲಿ ಮಾತಾಡುವಾಗ ಎದುರಿಗೆ ಯಾರೂ ಇಲ್ಲದಿದ್ದರೂ ಕೈ ಸುಮ್ಮನಿರುವುದಿಲ್ಲ. ನಮ್ಮ ಕಾಸರಗೋಡಿನ ತಾಳಮದ್ದಲೆಯನ್ನೇ ನೋಡಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಸರ್ವಸ್ವ. ಆದರೂ ವಾದಕ್ಕೆ ಕಾವೇರಿದಂತೆ ಕುಳಿತ ಅರ್ಥಧಾರಿಯ ಕೈ ತಾನಾಗಿ ಮೇಲೇಳುತ್ತದೆ.

ಹೀಗಿರುವಾಗ ಮಕ್ಕಳಿಗೆ ನಾವು ಹೇಳುವುದೇನು? "ಕೈಕಟ್ಟಿ ನಿಂತು ಉತ್ತರ ಹೇಳು!" ಈ ರೂಢಿಯನ್ನು ಬಿಡುವ ಕಾಲ ಬಂದಿದೆಯೆಂದು ನನ್ನ ಅಭಿಪ್ರಾಯ.

ಕೈಸನ್ನೆ ಕೇಳುವವರ ಅನುಕೂಲಕ್ಕಾಗಿ ಮಾತ್ರ ಇರುವುದೆಂದು ಹಲವರು ತಿಳಿದಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 1998ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಮಾತನ್ನು ಹೇಳುತ್ತದೆ. ಹುಟ್ಟು ಕುರುಡರು ಯಾರ ಕೈಸನ್ನೆಯನ್ನೂ ಎಂದೂ ಕಂಡವರಲ್ಲ. ಆದರೂ ಅವರು ಮಾತಾಡುವಾಗ ಕೈಯಾಡಿಸಿದರು. ಕೇಳುವವರೂ ಕುರುಡರೆಂದು ತಿಳಿದಿದ್ದಾಗಲೂ ಆಡಿಸಿದರು. ಎಂದರೆ ಕೈ ಆಡುವುದು ಆಲೋಚನೆಗೂ ನೆರವಾಗಲೆಂದೇ.

1986ರ ಇನ್ನೊಂದು ಅಧ್ಯಯನ ಹೆತ್ತವರಿಗೂ ಅಧ್ಯಾಪಕರಿಗೂ ಮುಖ್ಯವಾದುದು. ಒಂದು ಲೋಟದ ನೀರನ್ನು ಬೇರೆ ಆಕಾರದ ಪಾತ್ರೆಗೆ ಸುರಿದು, ನೀರು ಅಷ್ಟೇ ಇದೆಯೇ ಎಂದು ಚಿಕ್ಕ ಮಕ್ಕಳನ್ನು ಕೇಳಲಾಯಿತು. ಕೆಲವು ಮಕ್ಕಳು ಬಾಯಿಯಲ್ಲಿ ಪಾತ್ರೆಯ ಎತ್ತರವನ್ನಷ್ಟೇ ಹೇಳಿದರು. ಅವರ ಕೈ ಮಾತ್ರ ಅಗಲವನ್ನು ತೋರಿಸುತ್ತಿತ್ತು. ಉತ್ತರ ತಪ್ಪಾಗಿದ್ದರೂ ತಿಳಿವಳಿಕೆ ಆಗಲೇ ಕೈಗೆ ಬಂದಿತ್ತು, ನಾಲಗೆಗೆ ಬಂದಿರಲಿಲ್ಲ. ಪಾಠ ಹೇಳಿಕೊಟ್ಟಾಗ ಹೆಚ್ಚು ಪ್ರಗತಿ ತೋರಿಸಿದವರೂ ಇಂತಹ ಮಕ್ಕಳೇ. ಕೈ ಕಟ್ಟಿಸಿದ್ದರೆ ಈ ಸುಳಿವು ಯಾರಿಗೆ ಸಿಗುತ್ತಿತ್ತು?

ಗಡಿನಾಡಿನ ನಮಗೆ ಇದು ಇನ್ನಷ್ಟು ಮುಖ್ಯ. ನಮ್ಮ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಟಿ ಅಥವಾ ಮಲಯಾಳ. ನೀರು ಆವಿಯಾಗಿ ಮೇಲೇರುವುದು ಮಗುವಿಗೆ ಗೊತ್ತು; 'ಬಾಷ್ಪೀಭವನ' ಎಂಬ ಪದ ಬಾಯಿಗೆ ಬರುವುದಿಲ್ಲ. ಆಗ ಕೈ ಮೇಲೇಳುತ್ತದೆ. ಅದನ್ನು ಕಂಡ ಅಧ್ಯಾಪಕರು ಪದವನ್ನು ಒದಗಿಸಿದರೆ ಮಗು ಮುಂದುವರಿಯುತ್ತದೆ. "ಕೈ ಇಳಿಸು" ಎಂದರೆ ಇದ್ದ ಧೈರ್ಯವೂ ಇಳಿದುಹೋಗುತ್ತದೆ. ಗೊತ್ತಿದ್ದ ಮಗು ದಡ್ಡನೆನಿಸಿಕೊಂಡು ಕುಳಿತುಕೊಳ್ಳುತ್ತದೆ.

ಕೈಕಟ್ಟುವುದು ವಿನಯದ ಗುರುತಲ್ಲವೇ ಎಂದು ಹಿರಿಯರು ಕೇಳಬಹುದು. ವಿನಯ ಬೇಕು, ನಿಜ. ಹಿರಿಯರತ್ತ ಬೆರಳು ತೋರಿಸಿ ಮಾತಾಡಬಾರದೆಂಬ ಪಾಠವೂ ಬೇಕು. ಆದರೆ ಗೌರವ ಸಲ್ಲಿಸುವ ಹೊತ್ತು ಬೇರೆ, ಆಲೋಚಿಸಿ ಉತ್ತರಿಸುವ ಹೊತ್ತು ಬೇರೆ. ಕೈಮುಗಿದು ವಂದಿಸಿದ ಮಗು ಆಮೇಲೆ ಕೈ ಬಿಡಿಸಿ ಲೆಕ್ಕ ವಿವರಿಸಿದರೆ ಯಾರ ಮರ್ಯಾದೆಗೂ ಕುಂದಿಲ್ಲ.

ಸಂವಹನದಲ್ಲಿ ಪದಗಳ ಪಾಲು ನೂರಕ್ಕೆ ಏಳು ಮಾತ್ರವೆಂದು ಕೆಲವರು ಭಾಷಣ ಮಾಡುವುದುಂಟು. ಅದು 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಿಂದ ಬಂದ ಲೆಕ್ಕ. ಇಷ್ಟಾನಿಷ್ಟಗಳನ್ನು ತಿಳಿಸುವ ಮಾತಿಗಷ್ಟೇ ಅದು ಸಲ್ಲುತ್ತದೆಂದು ಅವರೇ ಸ್ಪಷ್ಟಪಡಿಸಿದ್ದಾರೆ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಕೈಯಾಡಿಸಿದರೆ ಸಾಕು, ಪದ ಕಲಿಯಬೇಕಾಗಿಲ್ಲ ಎಂದು ತಿಳಿಯಬೇಡಿ. ಪರೀಕ್ಷೆಯ ಕಾಗದದ ಮೇಲೆ ಕೈಸನ್ನೆಗೆ ಅಂಕ ಸಿಗದು. ಕೈಗೆ ಬಂದ ತಿಳಿವನ್ನು ನಾಲಗೆಗೂ, ನಾಲಗೆಯಿಂದ ಲೇಖನಿಗೂ ತರುವುದೇ ನಿಮ್ಮ ಕೆಲಸ.

ಹೆತ್ತವರಲ್ಲಿ ಒಂದು ವಿನಂತಿ. ಇಂದು ಸಂಜೆ ಮಗು ಶಾಲೆಯ ಸುದ್ದಿ ಹೇಳುವಾಗ ಕೈಕೆಲಸ ಬದಿಗಿಟ್ಟು ಅದರ ಮುಖವನ್ನೂ ಕೈಯನ್ನೂ ನೋಡಿ. ಮಾತು ತಡವರಿಸಿದರೆ ಗದರಬೇಡಿ, ಸ್ವಲ್ಪ ಕಾಯಿರಿ.