ಹದಿನಾಲ್ಕನೇ ಸುತ್ತು ಯಾವಾಗ?

ಫೆಬ್ರವರಿಗೆ ಭಟ್ಕಳ ಸೀಮೆಯ ನಮ್ಮ ಹೆಬಳೆಯಲ್ಲಿ ಸೆಕೆ ಕೂತುಬಿಡುತ್ತದೆ. ಆ ಸೆಕೆಯಲ್ಲೇ 2016ರಲ್ಲಿ, ಚಾದಂಗಡಿಯ ಟೀವಿ ಮುಂದೆ ನಿಂತು, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಬದುಕಲಿ ಎಂದು ಎಲ್ಲರೂ ಕೈಮುಗಿದಿದ್ದೆವು. ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆ ಹಿಮಕುಸಿತದಲ್ಲಿ ಮುಚ್ಚಿಹೋಯಿತು. ಆ ಠಾಣೆ ಇದ್ದದ್ದು ಹತ್ತೊಂಬತ್ತು ಸಾವಿರ ಅಡಿಗೂ ಮೇಲೆ. ಹತ್ತು ಸೈನಿಕರು ಒಳಗೆ. ಆರನೇ ದಿನ ಹನುಮಂತಪ್ಪ ಒಬ್ಬರೇ ಉಸಿರಿಟ್ಟುಕೊಂಡು ಸಿಕ್ಕರು. 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ಹೋದರು. ಹಾಸನದ ತೇಜೂರಿನವರೊಬ್ಬರು, ಎಚ್.ಡಿ. ಕೋಟೆಯವರೊಬ್ಬರು ಅದೇ ಹಿಮದಡಿ ಸತ್ತಿದ್ದರು.

ಊರೂರಲ್ಲಿ ಬ್ಯಾನರ್ ಕಟ್ಟಿದೆವು, ಮೇಣದಬತ್ತಿ ಹಚ್ಚಿದೆವು. ಅವರು ಅಲ್ಲಿ ಯಾಕಿದ್ದರು ಎಂದು ಕೇಳಿದವರ ಬಾಯಿಯನ್ನು ಮಾತ್ರ 'ದೇಶದ್ರೋಹಿ' ಎಂದು ಬಡಿದು ಮುಚ್ಚಿಸಿದರು. ಭಟ್ಕಳ ಸೀಮೆಯವರು ಎಂದರೆ ಮೊದಲೇ ಗುಮಾನಿಯಿಂದ ನೋಡುವವರಿದ್ದಾರೆ. ಆ ಪ್ರಶ್ನೆ ಕೇಳಲು ಇಲ್ಲಿ ಇನ್ನೂ ಹೆಚ್ಚು ಎದೆಗಾರಿಕೆ ಬೇಕು. ಆದರೂ ಕೇಳುತ್ತೇನೆ.

1949ರ ಕರಾಚಿ ಒಪ್ಪಂದದಲ್ಲಿ ಕದನವಿರಾಮ ರೇಖೆಯನ್ನು ಎನ್‌ಜೆ 9842 ಎಂಬ ಬಿಂದುವಿನವರೆಗೆ ಎಳೆದು, ಅದರಾಚೆಗೆ 'ಉತ್ತರಕ್ಕೆ ಹಿಮನದಿಗಳ ಕಡೆಗೆ' ಎಂದಷ್ಟೇ ಬರೆದು ಕೈತೊಳೆದುಕೊಂಡರು. ಅಲ್ಲಿ ಯಾರು ಹೋಗುತ್ತಾರೆ ಎಂಬ ಉಡಾಫೆ. 1972ರಲ್ಲಿ ನಿಯಂತ್ರಣ ರೇಖೆ ಗುರುತಿಸಿದವರೂ ಅಲ್ಲಿಗೇ ಪೆನ್ನು ಎತ್ತಿದರು. 1984ರ ಏಪ್ರಿಲ್ 13ರಂದು ನಮ್ಮ ಸೇನೆ 'ಮೇಘದೂತ' ಕಾರ್ಯಾಚರಣೆಯಲ್ಲಿ ಸಿಯಾಚಿನ್ ಪಕ್ಕದ ಸಾಲ್ತೊರೋ ಬೆಟ್ಟಸಾಲಿಗೆ ಏರಿತು. ಏರಿದವರು ಇಳಿದಿಲ್ಲ. ಅಂದಿನಿಂದ ನಮ್ಮ 800ಕ್ಕೂ ಹೆಚ್ಚು ಸೈನಿಕರು ಅಲ್ಲಿ ಸತ್ತಿದ್ದಾರೆ. ಹೆಚ್ಚಿನವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ: ಹಿಮ, ಚಳಿ, ಉಸಿರಿಗೆ ಸಾಲದ ಗಾಳಿ. 2003ರ ನವೆಂಬರ್‌ನ ಕದನವಿರಾಮದ ಮೇಲೆ ಅಲ್ಲಿ ಫಿರಂಗಿ ನಿಂತಿತು. ಸಾವು ನಿಲ್ಲಲಿಲ್ಲ.

ಅದೇ ಚಾದಂಗಡಿಯಲ್ಲಿ ಒಮ್ಮೆ ಹುಡುಗರು 'ಒಂದಿಂಚೂ ಬಿಡಬಾರದು' ಎಂದು ಮೇಜು ಕುಟ್ಟುತ್ತಿದ್ದಾಗ, ಹಿಮ ಕಚ್ಚಿ ಎರಡು ಬೆರಳ ತುದಿ ಕಳಕೊಂಡ ಮಾಜಿ ಸೈನಿಕರೊಬ್ಬರು ಗ್ಲಾಸು ಕೆಳಗಿಟ್ಟರು. "ತಮ್ಮಾ, ಬಿಡೂದು ಬೇಡ ಅಂತ ನಾನೂ ಹೇಳ್ತಿದ್ದೆ. ಈಗ ಹೇಳೂದಿಲ್ಲ. ಆದ್ರೆ ಗೆರೆ ಹಾಕದೇ ಇಳಿದ್ರೆ ನಾಳೆ ಮತ್ತೆ ಹತ್ತೂದು ನಮ್ಮ ಹುಡುಗ್ರೇ. ಗೆರೆ ಹಾಕಿ, ಅವರ ಸಹಿ ತಗೊಂಡು ಇಳೀಬೇಕು." ಮೂಲೆಯಲ್ಲಿದ್ದ ಮೀನುಗಾರ ಅಜ್ಜ ಹೇಳಿದ್ದು ಇಷ್ಟು: "ಕಡಲು ಕೆಟ್ಟಾಗ ದೋಣಿ ಎಳೆದಿಟ್ಟವನನ್ನ ಸೋತವ ಅಂತ ನಮ್ಮಲ್ಲಿ ಯಾರೂ ಹೇಳೂದಿಲ್ಲ."

ಮಾಜಿ ಸೈನಿಕರ ಅಳುಕು ಸುಳ್ಳಲ್ಲ. 1999ರಲ್ಲಿ ಚಳಿಗಾಲಕ್ಕೆ ತೆರವಾದ ಶಿಖರಗಳನ್ನು ಪಾಕಿಸ್ತಾನ ಹಿಡಿದು ಕೂತದ್ದರಿಂದಲೇ ಕಾರ್ಗಿಲ್‌ನಲ್ಲಿ ಅಷ್ಟು ರಕ್ತ ಹರಿಯಿತು. ಹಾಗಾಗಿ ನಾಳೆಯೇ ಗಂಟುಮೂಟೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ನನ್ನ ಸಿಟ್ಟು ಇರುವುದು ಗೆರೆ ಹಾಕುವ ಕೆಲಸವನ್ನೇ ಕೈಬಿಟ್ಟವರ ಮೇಲೆ. 1989ರ ಜೂನ್‌ನಲ್ಲಿ ಎರಡೂ ದೇಶಗಳು ಒಪ್ಪಂದದ ಹೊಸ್ತಿಲವರೆಗೆ ಬಂದು ಹಿಂದೆ ಸರಿದವು. 2005ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಸಿಯಾಚಿನ್‌ಗೇ ಹೋಗಿ ಅದು ಶಾಂತಿಯ ಶಿಖರವಾಗಲಿ ಎಂದರು. 2012ರ ಏಪ್ರಿಲ್ 7ರಂದು ಆಚೆ ಕಡೆಯ ಗಯಾರಿಯಲ್ಲಿ ಪಾಕಿಸ್ತಾನದ 140 ಜನ ಹಿಮದಡಿ ಹೂತುಹೋದರು. ಅವರ ಮನೆಗಳಲ್ಲೂ ತಾಯಂದಿರು ಕಾದಿದ್ದರು.

'ಬಿಡಬಾರದು' ಎಂದು ಗಂಟಲು ಹರಿಯುವ ದೇಶ ಅಲ್ಲಿ ನಿಂತವನನ್ನು ಹೇಗೆ ನೋಡಿಕೊಂಡಿತು? 2020ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಓದಿ. ಎತ್ತರದ ಠಾಣೆಗಳಲ್ಲಿ ಹಿಮಗನ್ನಡಕದ ಕೊರತೆ, ಬೂಟಿನ ಕೊರತೆ, ಊಟದಲ್ಲಿ ಕಡಿತ. ಪ್ರಾಣ ಕೊಡು ಎಂದು ಕಳಿಸಿದವರು ಕನ್ನಡಕ ಕೊಡಲಿಲ್ಲ. ನಾಚಿಕೆಯಾಗಬೇಕು.

ಇನ್ನು ಆ ಸಿಯಾಚಿನ್ ಹಿಮನದಿ. ಎಪ್ಪತ್ತು ಕಿಲೋಮೀಟರಿಗೂ ಉದ್ದದ ಅದರ ಮೈಮೇಲೆ ದಶಕಗಳಿಂದ ಡಬ್ಬಿ, ಸೀಮೆಎಣ್ಣೆ, ಮಲ, ಮದ್ದುಗುಂಡಿನ ಚೂರು ಬಿದ್ದಿವೆ. ಆ ಚಳಿಯಲ್ಲಿ ಯಾವುದೂ ಕೊಳೆಯುವುದಿಲ್ಲ. ಈಚಿನ ವರ್ಷಗಳಲ್ಲಿ ಸೇನೆಯೇ ಕಸವನ್ನು ಕೆಳಗಿಳಿಸತೊಡಗಿದೆ, ಒಳ್ಳೆಯದು. ಬಿರುಕುಗಳಿಗೆ ಇಳಿದುಹೋದದ್ದನ್ನು ಯಾರು ಎತ್ತುತ್ತಾರೆ? ಆ ನೀರು ನುಬ್ರಾಕ್ಕೆ, ಶ್ಯೋಕ್‌ಗೆ, ಸಿಂಧುವಿಗೆ ಸೇರಿ ಕೊನೆಗೆ ಬೀಳುವುದು ಹೆಬಳೆಯವರು ಬಲೆ ಬೀಸುವ ಇದೇ ಅರಬ್ಬಿ ಸಮುದ್ರಕ್ಕೆ.

ಎರಡು ದೇಶಗಳ ರಕ್ಷಣಾ ಕಾರ್ಯದರ್ಶಿಗಳು ಸಿಯಾಚಿನ್ ಬಗ್ಗೆ ಹದಿಮೂರನೇ ಸುತ್ತು ಕೂತು ಎದ್ದದ್ದು 2012ರ ಜೂನ್‌ನಲ್ಲಿ, ರಾವಲ್ಪಿಂಡಿಯಲ್ಲಿ. ಆಮೇಲೆ 2016ರ ಆ ಹತ್ತು ಮಂದಿ ಸತ್ತರು. 2019ರ ನವೆಂಬರ್‌ನಲ್ಲಿ ಇನ್ನೊಂದು ಹಿಮಕುಸಿತಕ್ಕೆ ನಾಲ್ವರು ಸೈನಿಕರು, ಅವರ ಹೊರೆ ಹೊರುತ್ತಿದ್ದ ಇಬ್ಬರು ಪೋರ್ಟರ್‌ಗಳು ಸತ್ತರು. ಹದಿನಾಲ್ಕನೇ ಸುತ್ತಿನ ತಾರೀಕು ಹೇಳಿ.