ಮಲ್ಲಿಗೆಯ ಊರಿನ ಸುತ್ತ ಮೂರು ಕಲ್ಲು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಶಾಲಾ ಪ್ರವಾಸಕ್ಕೂ ಸಲ್ಲುತ್ತದೆ. ಡಿಸೆಂಬರ್ ಬಂತೆಂದರೆ ಕರಾವಳಿಯ ಶಾಲೆಗಳಿಂದ ಮೈಸೂರು, ಊಟಿ, ಬೆಂಗಳೂರುಗಳ ಕಡೆಗೆ ಬಸ್ಸುಗಳು ಹೊರಡುತ್ತವೆ. ಹೆತ್ತವರು ಹೇಗೋ ಹಣ ಹೊಂದಿಸಿಕೊಡುತ್ತಾರೆ. ಎರಡು ರಾತ್ರಿ ನಿದ್ದೆಗೆಟ್ಟು, ನೂರಾರು ಮೈಲಿ ಸುತ್ತಿ ಮರಳಿದ ಮಕ್ಕಳಲ್ಲಿ ಅನೇಕರು ಮನೆಯಿಂದ ಒಂದು ಸೈಕಲ್ ಸವಾರಿಯಷ್ಟೇ ದೂರವಿರುವ ಗುಡ್ಡವನ್ನು ಒಮ್ಮೆಯೂ ಹತ್ತಿರುವುದಿಲ್ಲ. ದೂರದ ಊರು ನೋಡುವುದು ತಪ್ಪಲ್ಲ. ಆದರೆ ಹತ್ತಿರದ್ದನ್ನು ಓದಲು ಕಲಿಯದ ಕಣ್ಣಿಗೆ ದೂರದ್ದೂ ಬರೀ ಚಿತ್ರವಾಗಿಯೇ ಉಳಿಯುತ್ತದೆ.

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಸಿಗುವ ಶಂಕರಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕಾಪು ತಾಲೂಕಿನ ಈ ಪುಟ್ಟ ಊರಿನ ಹೆಸರು ಮುಂಬಯಿಯ ತನಕ ಗೊತ್ತಿರುವುದು ಮಲ್ಲಿಗೆಯಿಂದ. ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಮಾನ್ಯತೆ ಪಡೆದಿರುವ ಈ ಹೂವನ್ನು ಜನ ಕರೆಯುವುದು ಶಂಕರಪುರ ಮಲ್ಲಿಗೆ ಎಂದೇ. ಬೆಳಗ್ಗೆ ಬೇಗನೆ ಎದ್ದು ಮೊಗ್ಗು ಕೊಯ್ಯಬೇಕು, ಬಾಳೆಯ ನಾರಿನಲ್ಲಿ ಕಟ್ಟಬೇಕು, ಹೊತ್ತು ಮೀರುವ ಮೊದಲು ಕಟ್ಟೆಗೆ ತಲುಪಿಸಬೇಕು. ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಸಲ ಬೆರಳು ಆಡಬೇಕು. ಅಂಗಳದ ಹೂವಿನ ಹಣದಿಂದಲೇ ಮಕ್ಕಳ ಪುಸ್ತಕ, ಶುಲ್ಕಗಳ ಖರ್ಚು ತೂಗಿಸಿದ ಮನೆಗಳು ಇಲ್ಲಿ ಕಡಿಮೆಯಲ್ಲ.

ಮಲ್ಲಿಗೆ ಬಿಸಿಲು ಬಯಸುವ ಗಿಡ. ಜಡಿಮಳೆಯಲ್ಲಿ ಇಳುವರಿ ಕುಸಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಆದರೆ ಬೇಸಿಗೆಯಲ್ಲಿ ಗಿಡಕ್ಕೆ ನೀರೂ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಆ ನೀರು ಎಲ್ಲಿಂದ ಬರುತ್ತದೆ? ಬಾವಿಯಿಂದ ಎಂದು ಯಾವ ಮಗುವೂ ಉತ್ತರಿಸೀತು. ಬಾವಿಗೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯಿಂದಲೇ ಪ್ರವಾಸ ಆರಂಭವಾಗಲಿ.

ಮೊದಲ ಕಲ್ಲು ಮುರಕಲ್ಲು. ಇದನ್ನು ನೋಡಲು ಕುಂಜಾರುಗಿರಿಯ ದಾರಿ ಹಿಡಿಯಬೇಕು. ಶಂಕರಪುರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಈ ಗಿರಿಯ ಮೇಲೆ ದುರ್ಗೆಯ ಗುಡಿಯಿದೆ. ಬುಡದಲ್ಲಿರುವ ಪಾಜಕವು ದ್ವೈತ ಮತದ ಪ್ರವರ್ತಕ ಮಧ್ವಾಚಾರ್ಯರ ಜನ್ಮಸ್ಥಳ. ತಾಯಿ ಕರೆದಾಗ ಬಾಲಕ ಗುಡ್ಡದ ಮೇಲಿನಿಂದ ಒಂದೇ ನೆಗೆತಕ್ಕೆ ಮನೆಯಂಗಳಕ್ಕೆ ಇಳಿದನೆಂಬ ಐತಿಹ್ಯವನ್ನು ಇಲ್ಲಿ ಇಂದಿಗೂ ಹೇಳುತ್ತಾರೆ. ಮೆಟ್ಟಿಲು ಹತ್ತಿ ಮೇಲೆ ನಿಂತು ಕೆಳಗೆ ನೋಡಿದ ಮಗುವಿಗೆ ಆ ಕತೆಯ ಅಳತೆ ತಾನಾಗಿ ತಿಳಿಯುತ್ತದೆ. ಸುತ್ತಲೂ ತೆಂಗಿನ ತೋಟ, ಗದ್ದೆ, ಪಡುವಣದಲ್ಲಿ ಕಡಲು. ಮೆಟ್ಟಿಲು ಎಷ್ಟೆಂಬುದನ್ನು ಮಕ್ಕಳೇ ಎಣಿಸಿ ಬರಲಿ.

ದಾರಿಯುದ್ದಕ್ಕೂ ಕಾಣುವ ಮನೆಯ ಗೋಡೆ, ಬಾವಿಯ ಕಟ್ಟೆ, ರಸ್ತೆಗಾಗಿ ಕಡಿದ ದರೆ, ಎಲ್ಲದರಲ್ಲೂ ಇರುವುದು ತೂತು ತೂತಾದ ಕೆಂಪು ಮುರಕಲ್ಲು. 1800-01ರಲ್ಲಿ ಮಲಬಾರ್ ಮತ್ತು ಕೆನರಾ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಂಥ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರಿಟ್ಟು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ. ಲ್ಯಾಟಿನ್ ಭಾಷೆಯಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ನೆಲದೊಳಗೆ ಮೆದುವಾಗಿದ್ದು, ಕಡಿದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವ ಗುಣ ಇದರದ್ದು. ಲಕ್ಷಾಂತರ ವರ್ಷಗಳ ಮಳೆ ಮೂಲಶಿಲೆಯ ಸಿಲಿಕಾದಂಥ ಅಂಶಗಳನ್ನು ಕರಗಿಸಿ ಒಯ್ದಾಗ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಿಂದೆ ಉಳಿದವು. ಆ ಕಬ್ಬಿಣದ ತುಕ್ಕೇ ಈ ಕೆಂಪು.

ಉಡುಪಿಯ ಸುತ್ತ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ಪದವು ಆ ನೀರಿನಲ್ಲಿ ಒಂದು ಪಾಲನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಅದರ ಕೆಳಗೆ ನೀರನ್ನು ಸುಲಭವಾಗಿ ಬಿಟ್ಟುಕೊಡದ ಜೇಡಿಯ ಪದರವಿದೆ. ಹೀರಿದ ನೀರು ಈ ಪದರದ ಮೇಲೆ ನಿಧಾನವಾಗಿ ಜಾರುತ್ತಾ ತಗ್ಗಿನ ಬಾವಿಗಳಿಗೆ ಇಳಿಯುತ್ತದೆ. ಜುಲೈಯ ಮಳೆ ಮಾರ್ಚಿನ ಕೊಡಪಾನಕ್ಕೆ ಬರುವುದು ಹೀಗೆ. ಪದವನ್ನು ಕಲ್ಲಿನ ಕೋರೆಗಾಗಿ ಆಳಕ್ಕೆ ಕಡಿದರೆ, ಅಥವಾ ಅದರ ಮೇಲೆಲ್ಲ ಕಾಂಕ್ರೀಟು ಹಾಸಿದರೆ, ನೀರು ಇಂಗದೆ ಕಡಲಿಗೆ ಓಡುತ್ತದೆ. ಆಗ ಮೊದಲು ಬತ್ತುವುದು ಕೆಳಗಿನ ಮನೆಯ ಬಾವಿ. ನಂತರ ಬಾಡುವುದು ಅಂಗಳದ ಮಲ್ಲಿಗೆ. ಗುಡ್ಡಕ್ಕೂ ಶಾಲೆಯ ಶುಲ್ಕಕ್ಕೂ ಇರುವ ಈ ನಂಟು ಯಾವ ಪಠ್ಯದಲ್ಲೂ ಇಷ್ಟು ಸ್ಪಷ್ಟವಾಗಿ ಸಿಗಲಾರದು.

ಗಿರಿಯಿಂದ ಕಂಡ ಕಡಲಿನ ಕಡೆಗೆ ಹೊರಟರೆ ಕಾಪು. ತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅದರ ಎತ್ತರ ಸುಮಾರು 27 ಮೀಟರ್. ಇಷ್ಟು ಎತ್ತರ ಏಕೆ ಬೇಕಾಯಿತು ಎಂಬುದಕ್ಕೆ ಹೈಸ್ಕೂಲಿನ ಗಣಿತವೇ ಸಾಕು. ಭೂಮಿ ಗುಂಡಗಿರುವುದರಿಂದ, ಕಣ್ಣು ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಮರಳಿನ ಮೇಲೆ ನಿಂತ, ಒಂದೂವರೆ ಮೀಟರ್ ಎತ್ತರದ ಕಣ್ಣಿಗೆ ಕಡಲು ಸುಮಾರು 4.4 ಕಿ.ಮೀ. ತನಕ ಕಂಡರೆ, 25 ಮೀಟರ್ ಎತ್ತರದಿಂದ ಸುಮಾರು 18 ಕಿ.ಮೀ. ತನಕ ಕಾಣುತ್ತದೆ. ನಾವಿಕನಿಗೆ ದೀಪ ಕಾಣುವುದೂ ಇದೇ ಲೆಕ್ಕದಲ್ಲಿ.

ಎರಡನೆಯ ಕಲ್ಲು ಮಲ್ಪೆಯ ಆಚೆ, ಸೇಂಟ್ ಮೇರೀಸ್ ದ್ವೀಪಗಳಲ್ಲಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟನೆಂಬ ಪ್ರತೀತಿಯಿದೆ. ಆದರೆ ಈ ಕಲ್ಲಿನ ವಯಸ್ಸಿನ ಮುಂದೆ ಆ ಐನೂರು ವರ್ಷ ಏನೂ ಅಲ್ಲ. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದನ್ನೊಂದು ಬಿಟ್ಟು ಸರಿಯುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸ ಇದು. ತಣಿಯುವಾಗ ಕುಗ್ಗಿ ಬಿರಿದು ಕಂಬಗಳಾಗಿ ನಿಂತಿದೆ. ಬತ್ತಿದ ಕೆರೆಯ ಕೆಸರು ಒಣಗಿ ಬಿರಿಯುವಂತೆಯೇ. ಅನೇಕ ಕಂಬಗಳಿಗೆ ಆರು ಮುಖ, ಕೆಲವಕ್ಕೆ ಐದು ಅಥವಾ ಏಳು. ಮಕ್ಕಳು ಇಪ್ಪತ್ತು ಕಂಬಗಳ ಮುಖಗಳನ್ನು ಎಣಿಸಿ ಪಟ್ಟಿ ಮಾಡಿದರೆ ಅದೇ ಒಂದು ಪ್ರಯೋಗ.

ಇಲ್ಲಿ ಹೆತ್ತವರಿಗೂ ಶಿಕ್ಷಕರಿಗೂ ಒಂದು ಎಚ್ಚರಿಕೆಯ ಮಾತು ಅಗತ್ಯ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ದ್ವೀಪದ ಬಳಿ ನೀರುಪಾಲಾದರು. ಪಾಚಿಗಟ್ಟಿದ ಬಂಡೆ ಜಾರುತ್ತದೆ. ಶಾಂತವಾಗಿ ಕಂಡ ಕಡಲಿನಲ್ಲೂ ದೊಡ್ಡ ಅಲೆ ಒಮ್ಮೆಲೇ ಬರುತ್ತದೆ. ಕೆಂಪು ಬಾವುಟವಿದ್ದಲ್ಲಿ ನೀರಿಗಿಳಿಯಬಾರದು. ಫೋಟೋಕ್ಕಾಗಿ ಅಂಚಿನ ಬಂಡೆಗೆ ಹೋಗಬಾರದು. ಮಳೆಗಾಲದಲ್ಲಿ ದೋಣಿ ನಿಲ್ಲಿಸುವುದು ಸುಮ್ಮನೆ ಅಲ್ಲ.

ಮೂರನೆಯ ಕಲ್ಲಿಗಾಗಿ ಮೂಡಣಕ್ಕೆ ತಿರುಗಿ ಕಾರ್ಕಳಕ್ಕೆ ಹೋಗಬೇಕು. ಅಲ್ಲಿನ ಬೆಟ್ಟದ ಮೇಲೆ 42 ಅಡಿಯ ಬಾಹುಬಲಿ ನಿಂತಿದ್ದಾನೆ. ಭೈರರಸ ವಂಶದ ವೀರಪಾಂಡ್ಯ 1432ರಲ್ಲಿ ಪ್ರತಿಷ್ಠಾಪಿಸಿದ ಏಕಶಿಲಾ ಮೂರ್ತಿ ಅದು. ಎದುರಿಗೇ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ತೂತುಗಳ ಮುರಕಲ್ಲಿನಲ್ಲಿ ಇಂಥ ನಯವಾದ ಮುಖ, ಬೆರಳು ಕಡೆಯಲಾಗದು. ಒತ್ತಾಗಿ ಹರಳುಗಟ್ಟಿದ ಗ್ರಾನೈಟೇ ಬೇಕು. ಮೂರ್ತಿಯ ತೂಕ ಸುಮಾರು 80 ಟನ್ ಎಂದು ಅಂದಾಜು. ಗ್ರಾನೈಟಿನ ಒಂದು ಘನ ಮೀಟರ್ ಸುಮಾರು 2.7 ಟನ್ ತೂಗುತ್ತದೆ. ಹಾಗಾದರೆ ಮೂರ್ತಿಯ ಗಾತ್ರ ಎಷ್ಟು, ಯಂತ್ರಗಳಿಲ್ಲದ ಕಾಲದಲ್ಲಿ ಅದನ್ನು ನಿಲ್ಲಿಸಿದ ಬಗೆ ಹೇಗಿದ್ದೀತು ಎಂದು ಮರಳುವ ಬಸ್ಸಿನಲ್ಲಿ ಚರ್ಚಿಸಬಹುದು.

ಈ ಮೂರು ಕಲ್ಲುಗಳನ್ನು ನೋಡಲು ಮೂರು ಭಾನುವಾರ ಸಾಕು. ಒಂದು ನೋಟ್ ಪುಸ್ತಕ, ಅಳತೆ ಪಟ್ಟಿ, ಕುಡಿಯುವ ನೀರು, ಜತೆಗೆ ಒಬ್ಬರು ಹಿರಿಯರಿದ್ದರೆ ಮುಗಿಯಿತು. ನಾಲ್ಕನೆಯ ಭಾನುವಾರದ ಕೆಲಸ ಮನೆಯಲ್ಲೇ ಇದೆ. ಹಿರಿಯರ ಎದುರಿನಲ್ಲಿ, ಕಟ್ಟೆ ಹತ್ತದೆ, ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟು ಕಟ್ಟೆಯಿಂದ ನೀರಿನ ಮಟ್ಟದ ತನಕ ಅಳೆಯುವುದು. ತಿಂಗಳಿಗೊಮ್ಮೆ, ಅದೇ ತಾರೀಕಿಗೆ, ಜನವರಿಯಿಂದ ಮೇ ತನಕ. ಐದು ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ, ಮುಂದಿನ ವರ್ಷದ ಐದು ಅಂಕಿಗಳೊಂದಿಗೆ ಹೋಲಿಸಿದರೆ ಮೇಲಿನ ಗುಡ್ಡ ಹೇಗಿದೆಯೆಂದು ಬಾವಿಯೇ ತಿಳಿಸತೊಡಗುತ್ತದೆ. ಅಂಥ ಲೆಕ್ಕ ಇಟ್ಟ ಮಗು ನಾಳೆ ಗ್ರಾಮಸಭೆಯಲ್ಲಿ ಕೋರೆಯ ವಿಚಾರ ಬಂದಾಗ ಸುಮ್ಮನೆ ಕೂರುವುದಿಲ್ಲ.